ಕಿವಿಯ ಹಿಂಬದಿಯ ಶ್ರವಣ ಸಾಧನದ ಬಿಡಿಭಾಗಗಳು ಮತ್ತು ಪರಿಕರಗಳು

ಕಿವಿಯ ಹಿಂಬದಿಯ ಶ್ರವಣ ಸಾಧನವು ಕಿವಿಯ ಹಾಲೆಯ ಹಿಂದೆ ತೊಡುವ, ಧ್ವನಿಯನ್ನು ವರ್ಧಿಸಿ ಕಿವಿಯ ನಾಳಕ್ಕೆ ತಲುಪಿಸುವ ವಿದ್ಯುನ್ಮಾನ ಉಪಕರಣ. ಇದನ್ನು ಬಿಟಿಇ ಸಾಧನವೆಂದೂ ಆಡುಮಾತಿನಲ್ಲಿ ಕಿವಿ ಮಷೀನು ಎಂದೂ ಕರೆಯುತ್ತಾರೆ. ಬ್ಯಾಟರಿ, ಕೊಳವೆ, ಕೊಕ್ಕೆ, ಕಿವಿಯಚ್ಚು, ಡೋಮ್ ಮತ್ತು ಗುಗ್ಗೆ ತಡೆಯುವ ಜಾಲರಿ ಇದರಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಬಿಡಿಭಾಗಗಳು. ಒಣಗಿಸುವ ಡಬ್ಬಿ, ಬ್ಯಾಟರಿ ಪರೀಕ್ಷಕ, ದೂರದ ಮೈಕ್ರೊಫೋನ್ ಮುಂತಾದವು ಪರಿಕರಗಳು. ಸಾಧನದ ಒಳಗಿನ ವಿದ್ಯುನ್ಮಾನ ಮಂಡಲವು ಐದಾರು ವರ್ಷ ಬಾಳಿಕೆ ಬರಬಹುದಾದರೂ ಕೊಳವೆಯ ಆಯುಷ್ಯ ಕೆಲವು ತಿಂಗಳು, ಬ್ಯಾಟರಿಯದು ಒಂದೆರಡು ವಾರ. ಕೆಟ್ಟಿದೆ ಎಂದು ಟ್ರಂಕಿನಲ್ಲಿ ಎತ್ತಿಟ್ಟ ಸಾಧನದಲ್ಲಿ ಎಷ್ಟೋ ಸಲ ಕೆಟ್ಟಿರುವುದು ಕಡಿಮೆ ಬೆಲೆಯ ಒಂದು ಬಿಡಿಭಾಗ ಮಾತ್ರ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳಂತೆ ದೊಡ್ಡ ಶ್ರವಣ ಚಿಕಿತ್ಸಾಲಯಗಳು ಬೇರೆ ಊರುಗಳಲ್ಲಿರುವ ಕಡೆ, ಸರಿಯಾದ ಬಿಡಿಭಾಗವನ್ನು ಗುರುತಿಸಬಲ್ಲವರ ಸಾಧನ ಬಳಕೆಯಲ್ಲಿ ಉಳಿಯುತ್ತದೆ.

ರಚನೆ

ಬಿಟಿಇ ಸಾಧನದ ಕವಚದೊಳಗೆ ಧ್ವನಿಯನ್ನು ಗ್ರಹಿಸುವ ಮೈಕ್ರೊಫೋನ್, ಅದನ್ನು ಸಂಸ್ಕರಿಸಿ ವರ್ಧಿಸುವ ಚಿಪ್ ಮತ್ತು ವರ್ಧಿತ ಸಂಕೇತವನ್ನು ಮತ್ತೆ ಧ್ವನಿಯಾಗಿಸುವ ರಿಸೀವರ್ ಇರುತ್ತವೆ. ಧ್ವನಿಯು ಕಿವಿಯ ಮೇಲ್ತುದಿಯಲ್ಲಿ ಕೂರುವ ಬಾಗಿದ ಕೊಕ್ಕೆಯ ಮೂಲಕ ಹಾದು, ಪಾರದರ್ಶಕ ಕೊಳವೆಯಲ್ಲಿ ಇಳಿದು, ಕಿವಿಯ ಅಳತೆಗೆ ಎರಕ ಹೊಯ್ದ ಅಚ್ಚಿನಿಂದ ನಾಳವನ್ನು ಸೇರುತ್ತದೆ. ಇನ್ನೊಂದು ಬಗೆಯಲ್ಲಿ ರಿಸೀವರನ್ನು ಕವಚದಿಂದ ಹೊರತೆಗೆದು ತೆಳುವಾದ ತಂತಿಯ ತುದಿಯಲ್ಲಿ ಕಿವಿಯ ನಾಳದೊಳಗೇ ಕೂರಿಸಲಾಗುತ್ತದೆ. ಇದಕ್ಕೆ ಆರ್‌ಐಸಿ ಎಂದು ಹೆಸರು. ಹೊರನೋಟಕ್ಕೆ ಎರಡೂ ಒಂದೇ ತರಹ ಕಂಡರೂ ಇವುಗಳ ಬಿಡಿಭಾಗಗಳು ಬೇರೆಬೇರೆ. ಅಂಗಡಿಯಲ್ಲಿ 'ಕಿವಿ ಹಿಂದಿನ ಮಷೀನಿನ ಪೈಪು' ಎಂದಷ್ಟೇ ಕೇಳಿದರೆ ತಪ್ಪು ವಸ್ತು ಕೈಸೇರುವ ಸಂಭವವೇ ಹೆಚ್ಚು. ಕವಚದ ಮೇಲೆ ಅಥವಾ ಬ್ಯಾಟರಿ ಬಾಗಿಲಿನ ಒಳಗೆ ಮುದ್ರಿಸಿರುವ ತಯಾರಕರ ಹೆಸರು, ಮಾದರಿ ಮತ್ತು ಕ್ರಮಸಂಖ್ಯೆಗಳು ಎಲ್ಲ ಖರೀದಿಗೂ ಆಧಾರ. ಅಕ್ಷರಗಳು ಬಹಳ ಸಣ್ಣವಾದ್ದರಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಓದುವುದು ಸುಲಭ. ಬಲಗಿವಿಯ ಸಾಧನಕ್ಕೆ ಕೆಂಪು, ಎಡಗಿವಿಯದಕ್ಕೆ ನೀಲಿ ಗುರುತು ಹಾಕುವುದು ಜಗತ್ತಿನೆಲ್ಲೆಡೆ ಇರುವ ರೂಢಿ.

ಗದಗ ಜಿಲ್ಲೆಯ ಸಂದರ್ಭ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಗದಗ ಜಿಲ್ಲೆಯ ಉತ್ತರ ಭಾಗದಲ್ಲಿ ಈ ಮೂರು ತಾಲೂಕುಗಳಿವೆ. ಹಿಂದೆ ರೋಣ ತಾಲೂಕಿಗೆ ಸೇರಿದ್ದ ಗಜೇಂದ್ರಗಡ ಈಗ ಪ್ರತ್ಯೇಕ ತಾಲೂಕು. ಶ್ರವಣ ಪರೀಕ್ಷೆ ಮತ್ತು ಸಾಧನದ ಹೊಂದಾಣಿಕೆಗಾಗಿ ಇಲ್ಲಿನ ಜನ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಕಿಮ್ಸ್ ಎಂದೇ ಪರಿಚಿತವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಧಾರವಾಡದ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆಗೆ ಅಥವಾ ಆ ನಗರಗಳ ಖಾಸಗಿ ಕೇಂದ್ರಗಳಿಗೆ ಹೋಗಬಹುದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ನರಗುಂದಕ್ಕೆ ಹುಬ್ಬಳ್ಳಿ ನೇರವಾಗಿ ಸಿಗುತ್ತದೆ. ಗಜೇಂದ್ರಗಡದ ಹಳ್ಳಿಗಳಿಂದ ಹೊರಟವರಿಗೆ ಪ್ರಯಾಣ ಹೆಚ್ಚು ದೀರ್ಘ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ಸಿನ ಖರ್ಚು ಉಳಿಯುತ್ತದೆಯಾದರೂ ದಿನದ ಕೂಲಿ ತಪ್ಪುತ್ತದೆ. ಬೆರಳುದ್ದದ ಒಂದು ಕೊಳವೆಗಾಗಿ ಇಡೀ ದಿನ ಕಳೆಯುವ ಬದಲು ಸಾಧನವನ್ನೇ ಬಿಚ್ಚಿಡುವವರು ಇದ್ದರೆ ಆಶ್ಚರ್ಯವಿಲ್ಲ.

ಕೇಂದ್ರ ಸರ್ಕಾರವು 1981ರಲ್ಲಿ ಆರಂಭಿಸಿದ ಅಡಿಪ್ ಯೋಜನೆಯಡಿ ಅಂಗವಿಕಲರಿಗೆ ಸಾಧನ ಸಲಕರಣೆಗಳನ್ನು ವಿತರಿಸಲಾಗುತ್ತದೆ. ಪರಿಷ್ಕೃತ ನಿಯಮದಂತೆ ತಿಂಗಳಿಗೆ 22,500 ರೂಪಾಯಿವರೆಗೆ ಆದಾಯವುಳ್ಳವರಿಗೆ ಪೂರ್ಣ ನೆರವು, 30,000 ರೂಪಾಯಿವರೆಗಿನವರಿಗೆ ಅರ್ಧ ನೆರವು ದೊರೆಯುತ್ತದೆ. ಒಮ್ಮೆ ನೆರವು ಪಡೆದವರು ಅದೇ ಉದ್ದೇಶಕ್ಕೆ ಮತ್ತೆ ಪಡೆಯಲು 3 ವರ್ಷ ಕಾಯಬೇಕು. 12 ವರ್ಷದೊಳಗಿನ ಮಕ್ಕಳಿಗೆ ಈ ಅವಧಿ 1 ವರ್ಷ. ಅಂದರೆ ಶಿಬಿರದಲ್ಲಿ ಸಿಕ್ಕ ಸಾಧನವನ್ನು ವಯಸ್ಕರು ಕನಿಷ್ಠ ಮೂರು ವರ್ಷ ನಡೆಸಿಕೊಂಡು ಹೋಗಬೇಕಾಗುತ್ತದೆ. ಆ ಅವಧಿಯಲ್ಲಿ ಬೇಕಾಗುವ ನೂರಾರು ಬ್ಯಾಟರಿಗಳು, ಹಲವಾರು ಕೊಳವೆಗಳು, ಒಂದೆರಡು ಕಿವಿಯಚ್ಚುಗಳು ಸಾಮಾನ್ಯವಾಗಿ ಬಳಕೆದಾರರದೇ ಹೊಣೆ. ಹಿಂದೆ ಪ್ರಚಾರದಲ್ಲಿದ್ದ, ಅಂಗಿಯ ಕಿಸೆಯಲ್ಲಿಡುವ ಪಾಕೆಟ್ ಮಾದರಿಯ ಸಾಧನಗಳಿಗೆ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ ಸಾಕಾಗುತ್ತಿತ್ತು. ಬಿಟಿಇ ಸಾಧನ ಕೇಳಿಸುವ ಗುಣಮಟ್ಟದಲ್ಲಿ ಅದಕ್ಕಿಂತ ಬಹಳ ಮೇಲಾದರೂ ಬಿಡಿಭಾಗಗಳ ಲಭ್ಯತೆಯಲ್ಲಿ ಹಳ್ಳಿಯ ಬಳಕೆದಾರನಿಗೆ ಅನುಕೂಲವಾಗಿಲ್ಲ ಎನ್ನಬೇಕು.

ಬ್ಯಾಟರಿ

ಮರುಪೂರಣ ಮಾಡಲಾಗದ ಬಿಟಿಇ ಸಾಧನಗಳಲ್ಲಿ ಸತು–ಗಾಳಿ ಬ್ಯಾಟರಿಯನ್ನು ಬಳಸುತ್ತಾರೆ. ಇದರ ಒಂದು ಮುಖದಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಅವುಗಳಿಂದ ಒಳಹೋಗುವ ಗಾಳಿಯ ಆಮ್ಲಜನಕವು ಸತುವಿನೊಡನೆ ವರ್ತಿಸಿ ಸುಮಾರು 1.4 ವೋಲ್ಟ್ ವಿದ್ಯುತ್ತನ್ನು ನೀಡುತ್ತದೆ. ರಂಧ್ರಗಳನ್ನು ಮುಚ್ಚಿರುವ ಬಣ್ಣದ ಪಟ್ಟಿಯನ್ನು ಕಿತ್ತ ಬಳಿಕ ನಾಲ್ಕೈದು ನಿಮಿಷ ಬಿಟ್ಟು ಸಾಧನಕ್ಕೆ ಹಾಕಿದರೆ ಗಾಳಿ ಚೆನ್ನಾಗಿ ಒಳಸೇರಿ ಬ್ಯಾಟರಿ ಪೂರ್ಣ ಶಕ್ತಿಗೆ ಬರುತ್ತದೆ. ಪಟ್ಟಿಯನ್ನು ಮತ್ತೆ ಅಂಟಿಸಿದರೆ ಕ್ರಿಯೆ ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದ ಜಾತ್ರೆ, ಮದುವೆಗಳಿಗೆ ಮಾತ್ರ ಸಾಧನ ತೊಡುವವರ ಬ್ಯಾಟರಿಯೂ ಕೆಲವೇ ವಾರಗಳಲ್ಲಿ ಬರಿದಾಗುತ್ತದೆ.

ನಾಲ್ಕು ಅಳತೆಗಳು ಬಳಕೆಯಲ್ಲಿದ್ದು, ಪ್ರತಿಯೊಂದಕ್ಕೂ ಎಲ್ಲ ತಯಾರಕರೂ ಪಾಲಿಸುವ ಬಣ್ಣವಿದೆ. 10ನೇ ಅಳತೆಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಬಿಟಿಇ ಸಾಧನಗಳಲ್ಲಿ ಹೆಚ್ಚಾಗಿ ಕಾಣುವುದು 7.9 ಮಿ.ಮೀ. ವ್ಯಾಸ, 5.4 ಮಿ.ಮೀ. ದಪ್ಪದ 13 ಮತ್ತು 11.6 ಮಿ.ಮೀ. ವ್ಯಾಸದ 675. ತೀವ್ರ ಶ್ರವಣದೋಷಕ್ಕೆ ಕೊಡುವ ಶಕ್ತಿಶಾಲಿ ಸಾಧನಗಳಿಗೆ 675 ಬೇಕಾಗುತ್ತದೆ. 13ರ ಸಾಮರ್ಥ್ಯ ಸುಮಾರು 300 ಮಿಲಿಆಂಪಿಯರ್ ಗಂಟೆ, 675ರದು ಸುಮಾರು 600. ಸಾಧನವು 1.5 ಮಿಲಿಆಂಪಿಯರ್ ಸೆಳೆಯುತ್ತದೆ ಎಂದುಕೊಂಡರೆ 13ರ ಬ್ಯಾಟರಿ ಲೆಕ್ಕದ ಪ್ರಕಾರ 200 ಗಂಟೆ, ಅಂದರೆ ದಿನಕ್ಕೆ 12 ಗಂಟೆಯಂತೆ 16 ದಿನ ಬರಬೇಕು. ವಾಸ್ತವದಲ್ಲಿ ಒಂದು ವಾರದಿಂದ ಎರಡು ವಾರ ಬರುವುದು ಸಾಮಾನ್ಯ. ಧ್ವನಿಮಟ್ಟ ಹೆಚ್ಚಿದಷ್ಟೂ ಮೊಬೈಲಿನಿಂದ ಬ್ಲೂಟೂತ್ ಮೂಲಕ ಕೇಳಿದಷ್ಟೂ ಅವಧಿ ಕುಗ್ಗುತ್ತದೆ.

ಸಣ್ಣ ಪಟ್ಟಣಗಳಲ್ಲಿ ಎದುರಾಗುವ ದೊಡ್ಡ ಗೊಂದಲ ಗಡಿಯಾರದ ಅಂಗಡಿಯಲ್ಲಿ ಮಾರುವ ಗುಂಡಿ ಸೆಲ್ಲುಗಳದು. ಅಲ್ಲಿ ಎಜಿ13 ಎಂಬ ಹೆಸರಿನಲ್ಲಿ ಸಿಗುವುದು ಶ್ರವಣ ಸಾಧನದ 13 ಅಲ್ಲ. ಅದು ಎಲ್‌ಆರ್44 ಎಂಬ ಕ್ಷಾರೀಯ ಸೆಲ್. ಅಳತೆಯಲ್ಲಿ ಅದು 675ಕ್ಕೆ ಸಮ. ಹೀಗಾಗಿ 13 ಕೇಳಿದವರಿಗೆ ಬಾಗಿಲಿನಲ್ಲಿ ಕೂರದಷ್ಟು ದೊಡ್ಡ ಸೆಲ್ ಸಿಗುತ್ತದೆ, 675ರ ಬಳಕೆದಾರರಿಗೆ ಸರಿಯಾಗಿ ಕೂರುವ ಆದರೆ ಹೊಂದದ ಸೆಲ್ ಸಿಗುತ್ತದೆ. ಎರಡನೆಯದೇ ಹೆಚ್ಚು ಮೋಸ. ಸಾಧನ ಮಾತಾಡಲಾರಂಭಿಸುತ್ತದೆ, ಆದರೆ ಕ್ಷಾರೀಯ ಸೆಲ್ಲಿನ ಸಾಮರ್ಥ್ಯ ಸತು–ಗಾಳಿ ಸೆಲ್ಲಿನ ಒಂದು ಪಾಲು ಮಾತ್ರ. ಅದರ ವೋಲ್ಟೇಜು 1.5ರಿಂದ ಆರಂಭವಾಗಿ ದಿನೇ ದಿನೇ ಇಳಿಯುವುದರಿಂದ ಧ್ವನಿ ಬಲಗುಂದಿ, ತೊಟ್ಟವರು ತಮ್ಮ ಕಿವಿಯೇ ಇನ್ನಷ್ಟು ಮಂದವಾಯಿತೆಂದು ಭಾವಿಸುತ್ತಾರೆ. ಪೊಟ್ಟಣದ ಮೇಲಿನ ಅಂತಾರಾಷ್ಟ್ರೀಯ ಸಂಕೇತವನ್ನು ನೋಡಿದರೆ ಗೊಂದಲ ಪರಿಹಾರವಾಗುತ್ತದೆ: ಸತು–ಗಾಳಿ ಬ್ಯಾಟರಿಗಳ ಸಂಕೇತ ಪಿಆರ್‌ ಅಕ್ಷರಗಳಿಂದ ಆರಂಭವಾಗುತ್ತದೆ. 675 ಎಂದರೆ ಪಿಆರ್44, 13 ಎಂದರೆ ಪಿಆರ್48, 312 ಎಂದರೆ ಪಿಆರ್41, 10 ಎಂದರೆ ಪಿಆರ್70. ಎಲ್‌ಆರ್ ಎಂದಿದ್ದರೆ ಕ್ಷಾರೀಯ, ಎಸ್‌ಆರ್ ಎಂದಿದ್ದರೆ ಬೆಳ್ಳಿ ಆಕ್ಸೈಡ್. ಮುಖದ ಮೇಲೆ ರಂಧ್ರವೂ ಬಣ್ಣದ ಪಟ್ಟಿಯೂ ಇಲ್ಲದ ಸೆಲ್ ಶ್ರವಣ ಸಾಧನದ್ದಲ್ಲ.

ಮುಂಡರಗಿಯಿಂದ ನರಗುಂದದವರೆಗಿನ ಬಯಲುಸೀಮೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಗಾಳಿ ಒಣಗಿರುತ್ತದೆ. ಪಟ್ಟಿ ಕಿತ್ತ ಬ್ಯಾಟರಿಯ ಒಳಗಿನ ದ್ರವದ ನೀರು ಇಂಥ ಗಾಳಿಯಲ್ಲಿ ರಂಧ್ರಗಳ ಮೂಲಕ ಆರಿಹೋಗಿ ಬ್ಯಾಟರಿ ಬೇಗ ಸಾಯುತ್ತದೆ. ಮಳೆಗಾಲದ ತೇವದಲ್ಲಿ ಇದಕ್ಕೆ ವಿರುದ್ಧವಾಗಿ ಅದು ನೀರನ್ನು ಹೀರಿ ಉಬ್ಬಬಹುದು. ಆದ್ದರಿಂದ ಅಗ್ಗವಾಗಿ ಸಿಗುತ್ತವೆಂದು ವರ್ಷಕ್ಕಾಗುವಷ್ಟು ಕೊಳ್ಳುವುದಕ್ಕಿಂತ ಎರಡು ಮೂರು ತಿಂಗಳಿಗೆ ಬೇಕಾದಷ್ಟು ತಂದು, ಮನೆಯ ತಂಪು ಮೂಲೆಯಲ್ಲಿ, ಪಟ್ಟಿ ಕೀಳದೆ ಇಡುವುದು ಮೇಲು. ಫ್ರಿಜ್ಜಿನಲ್ಲಿಡುವುದರಿಂದ ಹೊರತೆಗೆದಾಗ ನೀರಹನಿ ಕೂರುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲಿನ ಮುಕ್ತಾಯ ದಿನಾಂಕವನ್ನು ನೋಡಬೇಕು. ನಿಧಾನವಾಗಿ ಮಾರಾಟವಾಗುವ ಅಂಗಡಿಯಲ್ಲಿ ಇದು ಇನ್ನೂ ಮುಖ್ಯ.

ಮರುಪೂರಣಗೊಳ್ಳುವ ಸಾಧನಗಳಲ್ಲಿ ಲಿಥಿಯಂ–ಅಯಾನ್ ಬ್ಯಾಟರಿಯು ಕವಚದೊಳಗೇ ಇರುತ್ತದೆ. ಮನೆಯಲ್ಲಿ ಬದಲಿಸಬಹುದಾದ ಸಂಗತಿ ಚಾರ್ಜರ್ ಮಾತ್ರ, ಅದೂ ಅದೇ ಮಾದರಿಯದೇ ಆಗಬೇಕು. ವಿದ್ಯುತ್ ಕಡಿತ ಹೆಚ್ಚಿರುವ ಊರುಗಳವರು ಒಳಗೇ ಶಕ್ತಿ ಸಂಗ್ರಹವುಳ್ಳ ಚಾರ್ಜರ್ ಡಬ್ಬಿ ಆ ಮಾದರಿಗೆ ದೊರೆಯುತ್ತದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

ಕೊಳವೆ ಮತ್ತು ಕೊಕ್ಕೆ

ಕಿವಿಯಚ್ಚಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆಯ ಪ್ರಮಾಣಿತ ಅಳತೆಯ ಹೆಸರೂ 13 ಎಂದೇ ಇದೆ. ಬ್ಯಾಟರಿಯ 13ಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಒಳವ್ಯಾಸ 1.93 ಮಿ.ಮೀ. ಹೊರವ್ಯಾಸ ಮಾತ್ರ ಸಾಧಾರಣ, ಮಧ್ಯಮ, ದಪ್ಪ ಎಂದು ಬದಲಾಗುತ್ತದೆ. ಶಕ್ತಿಶಾಲಿ ಸಾಧನಗಳಿಗೆ ದಪ್ಪ ಗೋಡೆಯ ಕೊಳವೆ ಬೇಕು. ತೆಳು ಗೋಡೆಯಿಂದ ಧ್ವನಿ ಹೊರಸೋರಿ ಮತ್ತೆ ಮೈಕ್ರೊಫೋನನ್ನು ಸೇರಿದರೆ 'ಕುಂಯ್' ಎಂಬ ಸಿಳ್ಳು ಹುಟ್ಟುತ್ತದೆ.

ಬೆವರು, ಬಿಸಿಲು ಮತ್ತು ಎಣ್ಣೆಯಿಂದ ಕೊಳವೆ ಹಳದಿಯಾಗಿ, ಗಡಸಾಗಿ, ಕುಗ್ಗಿ ಕಿವಿಯಚ್ಚನ್ನು ಎಳೆಯತೊಡಗುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸುವುದು ವಾಡಿಕೆ. ಹೊಸ ಕೊಳವೆಯ ಉದ್ದವನ್ನು ಹಳೆಯದರ ಪಕ್ಕದಲ್ಲಿಟ್ಟು ನಿರ್ಧರಿಸುವಾಗ ಹಳೆಯದು ಕುಗ್ಗಿರುವುದನ್ನು ಮರೆಯಬಾರದು. ಗಿಡ್ಡವಾದರೆ ಅಚ್ಚು ಕಿವಿಯಿಂದ ಮೇಲೇಳುತ್ತದೆ, ಉದ್ದವಾದರೆ ಸಾಧನ ಕಿವಿಯ ಹಿಂದೆ ನಿಲ್ಲದೆ ತೂಗಾಡುತ್ತದೆ. ಕೊಳವೆ ಮಡಿಚಿಕೊಂಡರೆ ಧ್ವನಿ ಪೂರ್ತಿ ನಿಲ್ಲಲೂಬಹುದು. ಅಚ್ಚಿನೊಳಗೆ ಅಂಟಿಸಿದ ಕೊಳವೆಯನ್ನು ಬದಲಿಸಲು ಅಭ್ಯಾಸ ಬೇಕು. ಒಮ್ಮೆ ಶ್ರವಣತಜ್ಞರ ಬಳಿ ನೋಡಿ ಕಲಿತ ಮನೆಯವರು ಇದನ್ನು ಮಾಡಬಲ್ಲರು. ಆ ಭೇಟಿಯಲ್ಲೇ ಸರಿಯಾಗಿ ಬಾಗಿಸಿದ ನಾಲ್ಕಾರು ಕೊಳವೆಗಳನ್ನು ಕೇಳಿ ತಂದರೆ ಒಂದು ವರ್ಷದ ಓಡಾಟ ತಪ್ಪುತ್ತದೆ.

ಕೊಕ್ಕೆಯನ್ನು ಕೆಲವು ಮಾದರಿಗಳಲ್ಲಿ ತಿರುಪಿನಂತೆ ಸುತ್ತಿ, ಕೆಲವುಗಳಲ್ಲಿ ಒತ್ತಿ ಕೂರಿಸುತ್ತಾರೆ. ಒಂದು ತಯಾರಕರದು ಇನ್ನೊಬ್ಬರ ಸಾಧನಕ್ಕೆ ಹೊಂದುವುದು ಅಪರೂಪ. ಅನೇಕ ಕೊಕ್ಕೆಗಳ ಒಳಗೆ ಸಣ್ಣ ಶಬ್ದಶಮನ ಜಾಲರಿ ಇದ್ದು, ಅದು ಸುಮಾರು 1000 ಹರ್ಟ್ಸ್ ಬಳಿ ಧ್ವನಿ ಅತಿಯಾಗಿ ಏರುವುದನ್ನು ತಗ್ಗಿಸುತ್ತದೆ. ಜಾಲರಿಯುಳ್ಳ ಕೊಕ್ಕೆಯ ಜಾಗದಲ್ಲಿ ಜಾಲರಿಯಿಲ್ಲದ್ದನ್ನು ಹಾಕಿದರೆ ಶ್ರವಣತಜ್ಞರು ಮಾಡಿದ ಹೊಂದಾಣಿಕೆ ಕೆಟ್ಟು ಧ್ವನಿ ಕರ್ಕಶವಾಗುತ್ತದೆ. ಜಾಲರಿಯಲ್ಲಿ ತೇವ ನಿಂತರೆ ಸಾಧನ ಸತ್ತಂತೆ ತೋರುವುದೂ ಉಂಟು. ಕೊಳವೆ ಕಳಚಿ ಕೊಕ್ಕೆಯ ತುದಿಯಲ್ಲಿ ಆಲಿಸಿದಾಗ ಧ್ವನಿ ಬಂದರೆ ದೋಷ ಕೊಳವೆ ಅಥವಾ ಅಚ್ಚಿನದು. ಅಲ್ಲಿಯೂ ಬಾರದೆ ಕೊಕ್ಕೆ ತೆಗೆದಾಗ ಬಂದರೆ ದೋಷ ಕೊಕ್ಕೆಯದು. ಈ ಸರಳ ಪರೀಕ್ಷೆಯನ್ನು ಸಾಧನ ತೊಡುವವರಲ್ಲ, ಚೆನ್ನಾಗಿ ಕೇಳಿಸುವವರು ಧ್ವನಿಮಟ್ಟ ತಗ್ಗಿಸಿಕೊಂಡು ಮಾಡಬೇಕು.

ಕಿವಿಯಚ್ಚು

ಕಿವಿಯಚ್ಚು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುವಲ್ಲ. ತಜ್ಞರು ಕಿವಿಯೊಳಗೆ ಹತ್ತಿಯ ಅಥವಾ ಸ್ಪಂಜಿನ ತಡೆ ಇಟ್ಟು, ಮೃದುವಾದ ಲೇಪವನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಹೊರತೆಗೆದು ಪಡಿಯಚ್ಚು ಪಡೆಯುತ್ತಾರೆ. ಪ್ರಯೋಗಾಲಯದಲ್ಲಿ ಅದರಿಂದ ಅಚ್ಚು ತಯಾರಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯಚ್ಚು ತಯಾರಿಕೆಯ ಪ್ರಯೋಗಾಲಯವೂ ಸಾಧನಗಳ ದುರಸ್ತಿ ವಿಭಾಗವೂ ಇವೆ.

ಗಡಸು ಅಕ್ರಿಲಿಕ್ ಅಚ್ಚು ಹೆಚ್ಚು ಕಾಲ ಬಾಳುತ್ತದೆ, ತೊಡಿಸುವುದೂ ಸುಲಭ. ಕೈ ನಡುಗುವ ಹಿರಿಯರಿಗೆ ಅನುಕೂಲ. ಮೃದು ಸಿಲಿಕಾನ್ ಅಚ್ಚು ನಾಳವನ್ನು ಬಿಗಿಯಾಗಿ ಮುಚ್ಚುವುದರಿಂದ ತೀವ್ರ ದೋಷವುಳ್ಳವರಿಗೂ ಓಡಾಡಿ ಬೀಳುವ ಮಕ್ಕಳಿಗೂ ಸೂಕ್ತ. ಸೌಮ್ಯ ದೋಷವಿದ್ದರೆ ಅಚ್ಚಿನಲ್ಲಿ ಗಾಳಿರಂಧ್ರ ಕೊರೆಯುತ್ತಾರೆ, ಇದರಿಂದ ತನ್ನದೇ ಮಾತು ಡ್ರಮ್ಮಿನೊಳಗೆ ಆಡಿದಂತೆ ಕೇಳುವ ಕಿರಿಕಿರಿ ತಗ್ಗುತ್ತದೆ. ಸಿಳ್ಳು ಬರುತ್ತದೆಂದು ಈ ರಂಧ್ರವನ್ನು ಮೇಣದಿಂದ ಮುಚ್ಚುವುದು ಸರಿಯಲ್ಲ. ಮಕ್ಕಳ ಕಿವಿ ಬೆಳೆಯುವುದರಿಂದ ಶಿಶುಗಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ, ಸ್ವಲ್ಪ ದೊಡ್ಡ ಮಕ್ಕಳಿಗೆ ವರ್ಷದೊಳಗೆ ಹೊಸ ಅಚ್ಚು ಬೇಕಾಗುತ್ತದೆ. ಅಚ್ಚು ಸಡಿಲವಾಗಿ ಸಿಳ್ಳು ಬಂದಾಗ ಧ್ವನಿಮಟ್ಟವನ್ನು ಇಳಿಸಿ ಬಳಸುವುದು ಮನೆಗಳಲ್ಲಿ ಕಂಡುಬರುವ ಉಪಾಯ. ಆಗ ಮಗುವಿಗೆ ಮೊದಲು ತಪ್ಪಿಹೋಗುವುದು ಸ, ಶ, ತ ಮೊದಲಾದ ಕ್ಷೀಣವಾದ ವ್ಯಂಜನಗಳು. ಮಾತು ಕಲಿಯುವ ವಯಸ್ಸಿನಲ್ಲಿ ಕೆಲವು ತಿಂಗಳ ವಿಳಂಬವೂ ಉಚ್ಚಾರಣೆಯಲ್ಲಿ ಉಳಿದುಬಿಡಬಹುದು.

ತಲೆಯ ಮೇಲೆ ಸೆರಗು ಹೊದ್ದಾಗ ಅಥವಾ ರುಮಾಲು ಸುತ್ತಿದಾಗ ಮಾತ್ರ ಸಿಳ್ಳು ಬರುತ್ತಿದ್ದರೆ ಅಚ್ಚು ಕೆಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಕಾಗಿಲ್ಲ. ಬಟ್ಟೆ ಮೈಕ್ರೊಫೋನನ್ನು ಮುಚ್ಚಿ ಸೋರಿದ ಧ್ವನಿಯನ್ನು ಹಿಂದಕ್ಕೆ ತಳ್ಳುವುದರಿಂದಲೂ ಹೀಗಾಗುತ್ತದೆ. ತೊಡುವ ಉಡುಪನ್ನು ತಜ್ಞರ ಮುಂದೆಯೇ ತೊಟ್ಟು ತೋರಿಸಿದರೆ ಹೊಂದಾಣಿಕೆ ಸುಲಭ.

ತೆಳು ಕೊಳವೆ, ಡೋಮ್ ಮತ್ತು ಗುಗ್ಗೆ ಜಾಲರಿ

ಕಿವಿಯಚ್ಚಿನ ಬದಲು ತುದಿಯಲ್ಲಿ ಛತ್ರಿಯಾಕಾರದ ರಬ್ಬರ್ ಡೋಮ್ ಇರುವ ಸಾಧನಗಳಲ್ಲಿ ತೆಳು ಕೊಳವೆ ಅಥವಾ ರಿಸೀವರ್ ತಂತಿಯನ್ನು ಕಿವಿಯ ಬದಿ ಮತ್ತು ಉದ್ದದ ಸಂಖ್ಯೆ ನೋಡಿ ಕೊಳ್ಳಬೇಕು. ಸಂಖ್ಯೆ ಸಾಮಾನ್ಯವಾಗಿ ತಂತಿಯ ಮೇಲೆಯೇ ಇರುತ್ತದೆ. ರಿಸೀವರಿನ ಶಕ್ತಿಯ ಮಟ್ಟವೂ ಬೇರೆಬೇರೆ. ಹೆಚ್ಚು ಶಕ್ತಿಯದು ಸಿಕ್ಕಿತೆಂದು ಹಾಕಿದರೆ ಉಳಿದಿರುವ ಶ್ರವಣಕ್ಕೆ ಹಾನಿಯಾಗಬಹುದು. ತೆರೆದ ಡೋಮ್ ಸೌಮ್ಯ ದೋಷಕ್ಕೆ, ಮುಚ್ಚಿದ ಅಥವಾ ಎರಡು ಪದರದ ಡೋಮ್ ಹೆಚ್ಚಿನ ದೋಷಕ್ಕೆ. ಫೋನಾಕ್, ಆಟಿಕಾನ್, ಸಿಗ್ನಿಯಾ, ರಿಸೌಂಡ್ ಮುಂತಾದವರ ಡೋಮ್‌ಗಳು ನೋಡಲು ಒಂದೇ ಬಗೆಯಾದರೂ ಅವುಗಳ ಹಿಡಿತ ಬೇರೆ. ಸಡಿಲವಾದ ಡೋಮ್ ಕಿವಿಯಲ್ಲೇ ಉಳಿದುಬಿಟ್ಟರೆ ಹೇರ್‌ಪಿನ್ನಿನಿಂದ ತೆಗೆಯಲು ಹೋಗದೆ ಕಿವಿ–ಮೂಗು–ಗಂಟಲು ವೈದ್ಯರಲ್ಲಿಗೆ ಹೋಗಬೇಕು. ಕಿವಿಗೆ ಎಣ್ಣೆ ಬಿಟ್ಟುಕೊಳ್ಳುವ ರೂಢಿಯುಳ್ಳವರ ಗುಗ್ಗೆ ಜಾಲರಿ ಬಹಳ ಬೇಗ ಕಟ್ಟಿಕೊಳ್ಳುತ್ತದೆ.

ತೇವ ಮತ್ತು ದೂಳಿನಿಂದ ರಕ್ಷಣೆ

ಒಣಗಿಸುವ ಡಬ್ಬಿ ಎಂದರೆ ಸಿಲಿಕಾ ಜೆಲ್ ಹರಳುಗಳಿರುವ, ಬಿಗಿ ಮುಚ್ಚಳದ ಸಣ್ಣ ಡಬ್ಬಿ. ರಾತ್ರಿ ಬ್ಯಾಟರಿಯನ್ನು ಹೊರತೆಗೆದು ಸಾಧನವನ್ನು ಅದರಲ್ಲಿಡುತ್ತಾರೆ. ಬ್ಯಾಟರಿಯನ್ನು ಜೊತೆಗೇ ಇಟ್ಟರೆ ಅದೂ ಒಣಗಿ ಹಾಳಾಗುತ್ತದೆ. ಬಣ್ಣ ಬದಲಾಗುವ ಹರಳುಗಳನ್ನು ಪೊಟ್ಟಣದ ಸೂಚನೆಯಂತೆ ಬಿಸಿಮಾಡಿ ಮತ್ತೆ ಬಳಸಬಹುದು. ಸಾಧನವನ್ನೇ ಒಲೆಯ ಬಳಿ ಅಥವಾ ಬಿಸಿಲಿನಲ್ಲಿ ಒಣಗಿಸಬಾರದು. ಕೊಳವೆಯಲ್ಲಿ ನಿಂತ ನೀರಹನಿಯನ್ನು ಊದಿ ತೆಗೆಯಲು ರಬ್ಬರಿನ ಗಾಳಿಗುಂಡು ಸಿಗುತ್ತದೆ. ಬಾಯಿಂದ ಊದಿದರೆ ಉಸಿರಿನ ತೇವವೇ ಒಳಸೇರುತ್ತದೆ, ಅದಕ್ಕೂ ಮುನ್ನ ಅಚ್ಚನ್ನು ಸಾಧನದಿಂದ ಬೇರ್ಪಡಿಸಬೇಕು.

ಎರೆಭೂಮಿಯ ನುಣ್ಣನೆ ಮಣ್ಣು, ಹತ್ತಿ ಬಿಡಿಸುವಾಗಿನ ಮತ್ತು ಗಜೇಂದ್ರಗಡದ ನೇಕಾರಿಕೆಯಲ್ಲಿ ಹಾರುವ ನೂಲಿನ ಎಳೆ ಮೈಕ್ರೊಫೋನಿನ ಸಣ್ಣ ಬಾಯಿಯನ್ನು ಮುಚ್ಚುತ್ತವೆ. ಇದಕ್ಕೆ ಮೃದುವಾದ ಒಣ ಕುಂಚ ಸಾಕು. ಸೂಜಿ ಬಳಸಿದರೆ ಒಳಪದರ ಹರಿಯುತ್ತದೆ. ಕೆಲವು ಮಾದರಿಗಳಲ್ಲಿ ಮೈಕ್ರೊಫೋನಿನ ಹೊದಿಕೆಯನ್ನೇ ಬದಲಿಸಬಹುದು. ಬೆವರು ತಡೆಯುವ ಬಟ್ಟೆಯ ಗವಸು ಹೊಲದಲ್ಲಿ ದುಡಿಯುವವರಿಗೆ ಉಪಯುಕ್ತ, ಆದರೆ ಅದನ್ನು ದಿನವೂ ಒಗೆಯದಿದ್ದರೆ ತೇವವನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ.

ಸಂಪರ್ಕ ಪರಿಕರಗಳು

ಶಾಲೆಯಲ್ಲಿ ಶಿಕ್ಷಕರ ಕೊರಳಿಗೆ ಹಾಕುವ ದೂರದ ಮೈಕ್ರೊಫೋನ್ ಅಥವಾ ಎಫ್‌ಎಂ ವ್ಯವಸ್ಥೆಯು ಅವರ ಮಾತನ್ನು ನೇರವಾಗಿ ಸಾಧನಕ್ಕೆ ಕಳಿಸುತ್ತದೆ. ಹಿಂದಿನ ಬೆಂಚಿನ ಮಗುವಿಗೆ ಸಾಧನದ ಧ್ವನಿ ಏರಿಸುವುದಕ್ಕಿಂತ ಇದು ಹೆಚ್ಚು ಪ್ರಯೋಜನಕಾರಿ. ಕೊಳ್ಳುವ ಮುನ್ನ ಸಾಧನದಲ್ಲಿ ಟೆಲಿಕಾಯಿಲ್, ಬ್ಲೂಟೂತ್ ಅಥವಾ ತಂತಿ ಜೋಡಿಸುವ ಆಡಿಯೊ ಷೂ ಅಳವಡಿಕೆ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಟೆಲಿಕಾಯಿಲ್ ಇರುವ ಸಾಧನಗಳಲ್ಲಿ ಅದನ್ನು ಶ್ರವಣತಜ್ಞರು ಕಂಪ್ಯೂಟರಿನಲ್ಲಿ ಸಕ್ರಿಯಗೊಳಿಸದೆ ಬಿಟ್ಟಿರುವುದೂ ಉಂಟು.

ಮಕ್ಕಳ ಸುರಕ್ಷೆ ಮತ್ತು ವಿಲೇವಾರಿ

ಗುಂಡಿ ಬ್ಯಾಟರಿಯನ್ನು ಮಗು ನುಂಗಿದರೆ ಅಥವಾ ಮೂಗಿನಲ್ಲಿ ತುರುಕಿಕೊಂಡರೆ ಅದು ಒಳಪೊರೆಯನ್ನು ಸುಡಬಲ್ಲದು. ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬ್ಯಾಟರಿಯ ಪೊಟ್ಟಣವನ್ನೂ ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಅದರ ಬಗೆ ತಿಳಿಯುತ್ತದೆ. ಚಿಕ್ಕ ಮಕ್ಕಳ ಸಾಧನಗಳಿಗೆ, ಮನೆಯಲ್ಲಿ ಮೊಮ್ಮಕ್ಕಳಿರುವ ಹಿರಿಯರ ಸಾಧನಗಳಿಗೂ, ಬೀಗವುಳ್ಳ ಬ್ಯಾಟರಿ ಬಾಗಿಲು ಬಿಡಿಭಾಗವಾಗಿ ದೊರೆಯುತ್ತದೆ. ಹಳೆಯ ಬಾಗಿಲನ್ನು ತೆಗೆದು ಇದನ್ನು ಕೂರಿಸುವುದು ಕೆಲವೇ ನಿಮಿಷಗಳ ಕೆಲಸ. ಬಳಸಿದ ಬ್ಯಾಟರಿಗಳನ್ನು ಹೊಸದರೊಡನೆ ಬೆರೆಯದಂತೆ ಬೇರೆ ಶೀಶೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಸಂಗ್ರಹಿಸಿ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಮನೆಯ ಕಸದಿಂದ ಪ್ರತ್ಯೇಕವಾಗಿ ಸಂಗ್ರಹಣೆಗೆ ಒಪ್ಪಿಸಬೇಕು.